ಕಾಲೇಜ್ ಫುಟ್‌ಬಾಲ್ ಡಿಫೆನ್ಸ್: ಕವರ್ 2, ಕವರ್ 3, ಕ್ವಾರ್ಟರ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕಕ್ಕೆ ಓದಲು ಬಂದ ನಮ್ಮ ಹುಡುಗ ಹುಡುಗಿಯರಿಗೆ ಮೊದಲ ಸೆಪ್ಟೆಂಬರ್‌ನಲ್ಲೇ ಈ ಆಟ ಎದುರಾಗುತ್ತದೆ. ಶನಿವಾರ ಬೆಳಿಗ್ಗೆ ಲೈಬ್ರರಿಗೆ ಅಂತ ಹೊರಟರೆ ಪಾರ್ಕಿಂಗ್ ಜಾಗದ ತುಂಬ ಜಾತ್ರೆ ನೆರೆದಿರುತ್ತದೆ. ಗೆಳೆಯರ ಜೊತೆ ಒಳಗೆ ಹೋದರೆ ಮೊದಲ ಅರ್ಧ ಗಂಟೆ ಏನೂ ತಿಳಿಯುವುದಿಲ್ಲ. ಆಮೇಲೆ ಚೆಂಡು ಎಲ್ಲಿದೆ ಅನ್ನುವುದು ನಿಧಾನಕ್ಕೆ ಗೊತ್ತಾಗುತ್ತದೆ. ಚೆಂಡು ಇಲ್ಲದ ತಂಡ ಏನು ಮಾಡುತ್ತಿದೆ ಅನ್ನುವುದು ಮಾತ್ರ ಬಹಳ ಜನರಿಗೆ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ನನಗೋ ಆ ಹನ್ನೊಂದು ಜನರ ಮೇಲೇ ಕಣ್ಣು. ಹಾಗಾಗಿ ಈ ಪ್ರಶ್ನೆಗಳೆಲ್ಲ ನನ್ನ ಹತ್ತಿರ ಬರುತ್ತವೆ.

ಇದು ಕಾಲಲ್ಲಿ ಒದೆಯುವ ಫುಟ್‌ಬಾಲಾ?

ಅಲ್ಲ. ಇದು ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ನಾಲ್ಕು ಪ್ರಯತ್ನದೊಳಗೆ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ. ಒಂದೊಂದು ಪ್ರಯತ್ನಕ್ಕೂ ಡೌನ್ ಅಂತ ಹೆಸರು. ಅದನ್ನು ತಡೆಯುವ ತಂಡವೇ ಡಿಫೆನ್ಸ್.

ಡಿಫೆನ್ಸ್‌ನಲ್ಲಿ ಯಾರ ಕೆಲಸ ಏನು?

ಮುಂದೆ ಮಣ್ಣಿಗೆ ಕೈಯೂರಿ ಕೂರುವ ದಪ್ಪ ಆಳುಗಳು ಲೈನ್‌ಮೆನ್. ಅವರ ಹಿಂದೆ ಲೈನ್‌ಬ್ಯಾಕರ್‌ಗಳು. ಇವರಿಗೆ ಓಟವನ್ನೂ ತಡೆಯಬೇಕು, ಪಾಸನ್ನೂ ನೋಡಿಕೊಳ್ಳಬೇಕು. ಅಂಚಿನಲ್ಲಿ ಕಾರ್ನರ್‌ಗಳು, ಎಲ್ಲರಿಗಿಂತ ಹಿಂದೆ ಸೇಫ್ಟಿಗಳು. ಕೊನೆಯ ಈ ನಾಲ್ಕೈದು ಜನ ಜಾಗವನ್ನು ಹೇಗೆ ಹಂಚಿಕೊಳ್ಳುತ್ತಾರೆ ಅನ್ನುವುದೇ ಕವರೇಜ್.

ಕಬಡ್ಡಿ ನೋಡುವವರಿಗೆ ಇಲ್ಲಿ ಒಂದು ತಮಾಷೆ ಕಾಣಬಹುದು. ಅಲ್ಲೂ ತಂಡದ ತುದಿಯಲ್ಲಿ ನಿಲ್ಲುವವನು ಕಾರ್ನರ್, ಅವನಿಗಿಂತ ಒಳಗೆ ಕವರ್. ಕ್ರಿಕೆಟ್‌ನಲ್ಲೂ ಒಬ್ಬ ಕವರ್ ಇದ್ದಾನೆ. ಮೂರು ಆಟದಲ್ಲೂ ಅರ್ಥ ಹೆಚ್ಚುಕಮ್ಮಿ ಒಂದೇ: ಆ ಜಾಗ ಖಾಲಿ ಬಿಡಬೇಡ.

ಕವರ್ 1, ಕವರ್ 2 ಅಂತಾರಲ್ಲ, ಆ ಸಂಖ್ಯೆ ಏನು?

ಹಿಂದೆ ಆಳದಲ್ಲಿ ಎಷ್ಟು ಜನ ಕಾಯುತ್ತಿದ್ದಾರೆ ಅನ್ನುವ ಲೆಕ್ಕ, ಅಷ್ಟೇ.

ಕವರ್ 0 ಅಂದರೆ ಹಿಂದೆ ಯಾರೂ ಇಲ್ಲ. ಒಬ್ಬೊಬ್ಬರು ಒಬ್ಬೊಬ್ಬ ರಿಸೀವರ್‌ನನ್ನು (ಪಾಸ್ ಪಡೆಯಲು ಓಡುವವನನ್ನು) ಹಿಡಿಯುತ್ತಾರೆ, ಉಳಿದವರೆಲ್ಲ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತಾರೆ. ಕವರ್ 1 ಅಂದರೆ ಅದೇ ಒಬ್ಬರಿಗೊಬ್ಬರು ಲೆಕ್ಕ, ಆದರೆ ನಡುವೆ ಒಬ್ಬ ಸೇಫ್ಟಿ ಕಾವಲಿಗೆ. ಕವರ್ 2ರಲ್ಲಿ ಇಬ್ಬರು ಸೇಫ್ಟಿಗಳು ಮೈದಾನವನ್ನು ಅರ್ಧರ್ಧ ಮಾಡಿಕೊಳ್ಳುತ್ತಾರೆ, ಕೆಳಗೆ, ಅಂದರೆ ಚೆಂಡಿಗೆ ಹತ್ತಿರ, ಐವರು ಇರುತ್ತಾರೆ. ಕವರ್ 3ರಲ್ಲಿ ಮೂರು ಪಾಲು, ಕವರ್ 4ರಲ್ಲಿ ನಾಲ್ಕು ಪಾಲು. ಈ ನಾಲ್ಕು ಪಾಲಿನದಕ್ಕೇ ಕ್ವಾರ್ಟರ್ಸ್ ಅನ್ನುವುದು. ಒಂದು ಬದಿ ಕ್ವಾರ್ಟರ್ಸ್, ಇನ್ನೊಂದು ಬದಿ ಕವರ್ 2 ಆಡಿದರೆ 4 ಕೂಡಿಸು 2, ಕವರ್ 6. ಆರು ಜನ ಹಿಂದೆ ನಿಂತಿರುತ್ತಾರೆ ಅಂದುಕೊಳ್ಳಬೇಡಿ.

ಒಬ್ಬೊಬ್ಬ ಕೋಚ್‌ಗೆ ಒಂದೊಂದು ನಂಬರ್ ಪುಸ್ತಕ ಇರುತ್ತದೆ. ಅಲಬಾಮಾದ ಮಾಜಿ ಕೋಚ್ ನಿಕ್ ಸೇಬನ್ ಅವರ ಕವರ್ 7ರಲ್ಲಿ ಏಳು ಜನರನ್ನು ಎಣಿಸಲು ಹೋದರೆ ಸೋಲುತ್ತೀರಿ. ಕ್ವಾರ್ಟರ್ಸ್ ಜಾತಿಯ ಒಂದು ದೊಡ್ಡ ಕುಟುಂಬಕ್ಕೆ ಅವರು ಇಟ್ಟ ಹೆಸರು ಅದು.

ಮ್ಯಾನ್ ಒಳ್ಳೆಯದಾ, ಝೋನ್ ಒಳ್ಳೆಯದಾ?

ಮ್ಯಾನ್ ಅಂದರೆ ಒಬ್ಬರಿಗೊಬ್ಬರು, ಝೋನ್ ಅಂದರೆ ಜಾಗ ಹಂಚಿಕೊಂಡು ಕಾಯುವುದು. ನಿಮ್ಮ ಕಾರ್ನರ್ ಎದುರಾಳಿಯ ರಿಸೀವರ್‌ಗಿಂತ ಚುರುಕಾಗಿದ್ದರೆ ಮ್ಯಾನ್. ಇಲ್ಲದಿದ್ದರೆ ಝೋನ್. ಮ್ಯಾನ್ ಆಡುವವನು ಚೆಂಡಿಗೆ ಬೆನ್ನು ಹಾಕಿ ಓಡುತ್ತಾನೆ. ಕ್ವಾರ್ಟರ್‌ಬ್ಯಾಕ್ ತಾನೇ ಚೆಂಡು ಹಿಡಿದು ಓಡಿದರೆ ಅವನಿಗೆ ಗೊತ್ತೇ ಆಗುವುದಿಲ್ಲ. ಕಾಲೇಜಿನಲ್ಲಿ ಓಡುವ ಕ್ವಾರ್ಟರ್‌ಬ್ಯಾಕ್‌ಗಳು ಜಾಸ್ತಿ. ಝೋನ್ ಆಡುವವನ ಕಣ್ಣು ಚೆಂಡಿನ ಮೇಲಿರುತ್ತದೆ, ಆದರೆ ಪಾಲುಗಳ ನಡುವೆ ಸಂದು ಉಳಿಯುತ್ತದೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಬದುಕುವುದೇ ಆ ಸಂದಿನಲ್ಲಿ.

ಪ್ಯಾಟರ್ನ್ ಮ್ಯಾಚಿಂಗ್ ಅಂತ ಕಾಮೆಂಟರಿಯಲ್ಲಿ ಹೇಳುತ್ತಲೇ ಇರುತ್ತಾರೆ. ಏನದು?

ಝೋನ್ ಆಗಿ ಶುರುವಾಗಿ ಮ್ಯಾನ್ ಆಗಿ ಮುಗಿಯುವ ಆಟ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ.

1991ರಿಂದ 1994ರವರೆಗೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದಲ್ಲಿ ಬಿಲ್ ಬೆಲಿಚಿಕ್ ಮುಖ್ಯ ಕೋಚ್, ನಿಕ್ ಸೇಬನ್ ಡಿಫೆನ್ಸ್ ಕೋಆರ್ಡಿನೇಟರ್. ಓಟ ತಡೆಯಬೇಕು ಅಂತ ಅವರು ಮುಂದೆ ಎಂಟು ಜನರನ್ನು ಇಡುತ್ತಿದ್ದರು, ಹಿಂದೆ ಮೂವರನ್ನು. ಅಂದರೆ ಕವರ್ 3. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಒಂದು ಸರಳ ಉಪಾಯ ಮಾಡಿತು. ನಾಲ್ಕು ರಿಸೀವರ್‌ಗಳನ್ನು ನೇರ ಮುಂದಕ್ಕೆ ಓಡಿಸಿತು. ಹಿಂದೆ ಕಾಯುವವರು ಮೂವರು, ಓಡಿ ಬರುವವರು ನಾಲ್ವರು. ಮೂರು ಎಲೆ ಹಾಕಿ ನಾಲ್ಕು ಜನರನ್ನು ಊಟಕ್ಕೆ ಕೂರಿಸಿದ ಹಾಗೆ.

ಅದಕ್ಕೆ ಸಿಕ್ಕ ಉತ್ತರದ ಹೆಸರು ರಿಪ್ ಮತ್ತು ಲಿಝ್. ರಿಪ್ ಅಂದರೆ ಬಲ, ಲಿಝ್ ಅಂದರೆ ಎಡ. ರಿಸೀವರ್‌ಗಳನ್ನು ಅಂಚಿನಿಂದ ಒಳಕ್ಕೆ ಒಂದು, ಎರಡು, ಮೂರು ಅಂತ ಎಣಿಸುತ್ತಾರೆ. ಕೆಳಗಿನ ಪಾಲು ಕಾಯುವ ಆಟಗಾರ ಎರಡನೆಯವನನ್ನು ನೋಡುತ್ತಿರುತ್ತಾನೆ. ಅವನು ನೇರ ಮುಂದಕ್ಕೆ ಓಡಿದನೋ, ಪಾಲು ಗೀಲು ಬಿಟ್ಟು ಅವನ ಜೊತೆಗೇ ಓಡು. ಅವನು ಹೊರಗೆ ತಿರುಗಿದನೋ, ನಿಂತು ಆ ಜಾಗ ಹಿಡಿ. ಹಾಗಾಗಿ ಕಾಗದದ ಮೇಲೆ ಕವರ್ 3. ನಾಲ್ವರು ಓಡಿದ ಕೂಡಲೇ ನಾಲ್ವರ ಹಿಂದೆಯೂ ಒಬ್ಬೊಬ್ಬರು. 1994ರಲ್ಲಿ ಬ್ರೌನ್ಸ್ ಇಡೀ ಋತುವಿನಲ್ಲಿ ಬಿಟ್ಟುಕೊಟ್ಟದ್ದು 204 ಪಾಯಿಂಟ್. ಆ ವರ್ಷ ಎನ್‌ಎಫ್‌ಎಲ್‌ನಲ್ಲಿ ಅಷ್ಟು ಕಡಿಮೆ ಕೊಟ್ಟ ತಂಡ ಇನ್ನೊಂದಿಲ್ಲ.

ಸೇಬನ್ ಇದನ್ನು ಕಾಲೇಜ್ ತಂಡಗಳಿಗೆ, ಅಂದರೆ ಮಿಶಿಗನ್ ಸ್ಟೇಟ್‌ಗೆ, ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್), ಕೊನೆಗೆ 2007ರಲ್ಲಿ ಅಲಬಾಮಾಗೆ ಹೊತ್ತುಕೊಂಡು ಹೋದರು. 2024ರ ಜನವರಿಯಲ್ಲಿ ನಿವೃತ್ತಿ ಆಗುವ ಹೊತ್ತಿಗೆ ಏಳು ರಾಷ್ಟ್ರೀಯ ಚಾಂಪಿಯನ್‌ಶಿಪ್: ಎಲ್‌ಎಸ್‌ಯುನಲ್ಲಿ ಒಂದು, ಅಲಬಾಮಾದಲ್ಲಿ ಆರು. ಅವರ ಕೈಕೆಳಗೆ ಪಳಗಿದವರು ಈಗ ದೇಶದ ತುಂಬ ಇದ್ದಾರೆ.

ಇದರ ಕಷ್ಟ ಬೇರೆಯೇ. ಹಳೆಯ ಝೋನ್‌ನಲ್ಲಿ ಹುಡುಗನಿಗೆ "ಆ ಜಾಗಕ್ಕೆ ಓಡು" ಅಂದರೆ ಸಾಕಿತ್ತು. ಇಲ್ಲಿ ಪ್ರತಿ ಸಾಲೂ "ಹೀಗಾದರೆ ಹಾಗೆ". ಒಬ್ಬ ತಪ್ಪು ಓದಿದರೆ ಒಬ್ಬ ರಿಸೀವರ್ ಮೈದಾನದಲ್ಲಿ ಒಂಟಿಯಾಗಿ ಕೈಬೀಸುತ್ತಾ ಓಡುತ್ತಿರುತ್ತಾನೆ. ಹತ್ತೊಂಬತ್ತು ವರ್ಷದ ಹುಡುಗನಿಗೆ ಇದನ್ನು ಎಷ್ಟರಮಟ್ಟಿಗೆ ಕಲಿಸಬಹುದು? ನನ್ನ ಪ್ರಕಾರ ಕಾಲೇಜ್ ಡಿಫೆನ್ಸ್‌ನ ಅರ್ಧ ಜಗಳ ಇದರದ್ದೇ.

ಎನ್‌ಎಫ್‌ಎಲ್ ನೋಡುತ್ತೇನೆ. ಕಾಲೇಜಿನಲ್ಲೂ ಅದೇ ಅಲ್ವಾ?

ಹೆಸರು ಅದೇ, ಮೈದಾನ ಬೇರೆ. ಅಗಲ ಎರಡಕ್ಕೂ 160 ಅಡಿಯೇ. ಆದರೆ ಪ್ರತಿ ಡೌನ್ ಶುರುವಾಗುವ ಜಾಗವನ್ನು ತೋರಿಸುವ ಹ್ಯಾಶ್ ಗೆರೆಗಳ ನಡುವೆ ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು ಇದ್ದರೆ ಕಾಲೇಜಿನಲ್ಲಿ 40 ಅಡಿ. ಚೆಂಡು ಒಂದು ಹ್ಯಾಶ್ ಮೇಲಿದ್ದರೆ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ. ಒಂದು ಕಡೆ ಬೌಂಡರಿ ಚಿಕ್ಕದಿರುವ ಮೈದಾನದಲ್ಲಿ ಕ್ಯಾಪ್ಟನ್ ಫೀಲ್ಡರ್‌ಗಳನ್ನು ಹೇಗೆ ಹಂಚುತ್ತಾನೆ, ನೆನಪಿಸಿಕೊಳ್ಳಿ. ಇಲ್ಲಿ ಚಿಕ್ಕ ಬದಿಯ ಹೆಸರೇ ಬೌಂಡರಿ, ದೊಡ್ಡ ಬದಿಗೆ ಫೀಲ್ಡ್. ಎಷ್ಟೋ ತಂಡಗಳಲ್ಲಿ ಬೌಂಡರಿ ಕಾರ್ನರ್ ಬೇರೆ, ಫೀಲ್ಡ್ ಕಾರ್ನರ್ ಬೇರೆ. ಎರಡು ಬದಿಗೆ ಎರಡು ಬೇರೆ ಕವರೇಜ್ ಆಡುವುದೂ ಇದರಿಂದಲೇ.

ಇನ್ನೊಂದು ಸಣ್ಣ ನಿಯಮ, ದೊಡ್ಡ ತಲೆನೋವು. ಪಾಸ್ ಎಸೆಯುವ ಮೊದಲು ಚೆಂಡು ಇರುವ ತಂಡದ, ಅಂದರೆ ಆಫೆನ್ಸ್‌ನ, ಲೈನ್‌ಮೆನ್ ಎನ್‌ಎಫ್‌ಎಲ್‌ನಲ್ಲಿ 1 ಯಾರ್ಡ್‌ಗಿಂತ ಮುಂದೆ ಹೋಗುವಂತಿಲ್ಲ. ಕಾಲೇಜಿನಲ್ಲಿ 3 ಯಾರ್ಡ್ ಹೋಗಬಹುದು. ಲೈನ್‌ಬ್ಯಾಕರ್ ಕಣ್ಣಿಗೆ ಅದು ಓಟವೇ. ಅವನು ಮುಂದೆ ಬಂದ ಕೂಡಲೇ ಅವನು ಬಿಟ್ಟ ಜಾಗಕ್ಕೇ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುತ್ತಾನೆ. ಓಟ ಮತ್ತು ಪಾಸ್ ಎರಡನ್ನೂ ಒಂದೇ ಆಟದಲ್ಲಿ ಇಡುವ ಇದಕ್ಕೆ ಆರ್‌ಪಿಒ ಅಂತ ಹೆಸರು. ಪಾಪ ಲೈನ್‌ಬ್ಯಾಕರ್, ಏನು ಮಾಡಿದರೂ ತಪ್ಪೇ.

ಮೇಲಿನ ಹಂತದಲ್ಲೇ 130ಕ್ಕೂ ಜಾಸ್ತಿ ತಂಡಗಳಿವೆ. ಈ ವಾರ ಬರೀ ಪಾಸ್ ಎಸೆಯುವವರು ಬಂದರೆ ಮುಂದಿನ ವಾರ ಸೈನಿಕ ಅಕಾಡೆಮಿಗಳ ತಂಡಗಳಾದ ಆರ್ಮಿ ಅಥವಾ ನೇವಿಯಂಥ, ಓಡುವುದನ್ನೇ ನಂಬಿದವರು ಬರಬಹುದು. ತಯಾರಿಗೆ ಸಮಯ? ಋತುವಿನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ. ಕಾಲೇಜ್ ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎ ನಿಯಮ ಅದು. ಉಳಿದ ಸಮಯದಲ್ಲಿ ಹುಡುಗರು ಕ್ಲಾಸಿಗೂ ಹೋಗಬೇಕು ನೋಡಿ.

ಹಾಗಾದರೆ ಸರಳವಾಗಿ ಆಡಿದರೆ ಆಗುವುದಿಲ್ಲವಾ?

ಆಗುತ್ತದೆ. ಮಿಶಿಗನ್ ಸ್ಟೇಟ್ ಮಾಡಿ ತೋರಿಸಿತು. ಮಾರ್ಕ್ ಡಾಂಟೋನಿಯೋ ಮುಖ್ಯ ಕೋಚ್, ಪ್ಯಾಟ್ ನರ್ಡುಝಿ ಡಿಫೆನ್ಸ್ ಕೋಆರ್ಡಿನೇಟರ್. ಅವರ ಮನೆ ಆಟ ಕ್ವಾರ್ಟರ್ಸ್, ಬಂದವರಿಗೆಲ್ಲ ಅದೇ ಅಡುಗೆ. ಕಾರ್ನರ್‌ಗಳು ಅಂಚಿನಲ್ಲಿ ರಿಸೀವರ್‌ನ ಮೂಗಿಗೆ ಮೂಗು ಕೊಟ್ಟು ನಿಲ್ಲುತ್ತಿದ್ದರು. ಸೇಫ್ಟಿಗಳು ಎರಡನೆಯ ರಿಸೀವರ್‌ನನ್ನು ನೋಡಿ ತೀರ್ಮಾನ ಮಾಡುತ್ತಿದ್ದರು. ಅವನು ನೇರ ಬಂದರೆ ಹಿಡಿ, ಬ್ಲಾಕ್ ಮಾಡಿದರೆ ಓಟ ತಡೆಯಲು ಮುಂದೆ ನುಗ್ಗು. ಪಾಸ್ ಆದರೆ ಹಿಂದೆ ನಾಲ್ವರು, ಓಟ ಆದರೆ ಮುಂದೆ ಒಂಬತ್ತು ಜನ. ಇದು ಲೆಕ್ಕಕ್ಕೆ ಸಿಗದ ಹಾಗೆ ಕಂಡರೂ ಹುಡುಗನಿಗೆ ಕಲಿಸಬೇಕಾದದ್ದು ಒಂದೇ ಪ್ರಶ್ನೆ.

2013ರ ಋತುವಿನಲ್ಲಿ ಅವರು ಸೋಲದೇ ಬಂದಿದ್ದ ಓಹಾಯೋ ಸ್ಟೇಟನ್ನು ಬಿಗ್ ಟೆನ್ ಲೀಗ್ ಫೈನಲ್‌ನಲ್ಲಿ 34-24ರಿಂದ ಸೋಲಿಸಿದರು. ನಂತರ ಋತುವಿನ ಕೊನೆಯ ದೊಡ್ಡ ಪಂದ್ಯವಾದ ರೋಸ್ ಬೌಲ್‌ನಲ್ಲಿ ಸ್ಟ್ಯಾನ್‌ಫರ್ಡ್ ಮೇಲೆ 24-20. ಇದರ ದೌರ್ಬಲ್ಯವನ್ನೂ ಹೇಳಬೇಕು. ಓಟದ ನಟನೆ ಮಾಡಿ ಸೇಫ್ಟಿಯನ್ನು ಮುಂದೆ ಎಳೆದುಕೊಂಡರೆ ಕಾರ್ನರ್ ಒಂಟಿ. ಅವನು ಎಡವಿದರೆ ಟಚ್‌ಡೌನ್, ಅಂದರೆ ಚೆಂಡು ಗೋಲ್ ಗೆರೆ ದಾಟಿದ ಹಾಗೆ.

4-3, 3-4, 4-2-5 ಇವೆಲ್ಲ ಏನು?

ಲೈನ್‌ಮೆನ್, ಲೈನ್‌ಬ್ಯಾಕರ್, ಹಿಂದಿನವರು ಅನ್ನುವ ಕ್ರಮದಲ್ಲಿ ತಲೆ ಎಣಿಕೆ. ಎರಡೇ ಅಂಕಿ ಇದ್ದರೆ ಹಿಂದೆ ನಾಲ್ವರು ಅಂತ ತಿಳಿದುಕೊಳ್ಳುವುದು. ಈಗ ಆಫೆನ್ಸ್ ರಿಸೀವರ್‌ಗಳನ್ನು ಜಾಸ್ತಿ ಇಡುವುದರಿಂದ ಬಹುತೇಕ ತಂಡಗಳು ಹಿಂದೆ ಐದು ಜನರನ್ನೇ ಇಡುತ್ತವೆ. ಗ್ಯಾರಿ ಪ್ಯಾಟರ್ಸನ್ ಟಿಸಿಯುನಲ್ಲಿ (ಟೆಕ್ಸಾಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) 4-2-5 ಅನ್ನೇ ಗಟ್ಟಿಯಾಗಿ ಹಿಡಿದರು. ಮುಂದಿನ ಆರು ಜನಕ್ಕೆ ಒಂದು ಕೂಗು, ಹಿಂದಿನವರಿಗೆ ಬೇರೆ ಕೂಗು. ಹಿಂದೆಯೂ ಎಡಕ್ಕೊಂದು ಬಲಕ್ಕೊಂದು. ಕೇಳಿದರೆ ಗೊಂದಲ ಅನ್ನಿಸುತ್ತದೆ. ಆದರೆ ಒಬ್ಬ ಆಟಗಾರ ಕೇಳಬೇಕಾದದ್ದು ತನ್ನ ಪಾಲಿನ ಕೂಗು ಮಾತ್ರ. 2010ರ ಋತುವಿನಲ್ಲಿ ಟಿಸಿಯು 13ಕ್ಕೆ 13 ಗೆದ್ದು, ರೋಸ್ ಬೌಲ್‌ನಲ್ಲಿ ವಿಸ್ಕಾನ್ಸಿನ್ ಅನ್ನು 21-19ರಿಂದ ಮಣಿಸಿತು.

ಅಯೋವಾ ಸ್ಟೇಟ್‌ನ ಮೂರು ಸೇಫ್ಟಿಗಳ ಕಥೆ ಏನು?

ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಇದು. ಬಿಗ್ 12 ಲೀಗ್ ಆಗ ಪಾಸ್‌ಗಳ ಸುರಿಮಳೆ. ಏಮ್ಸ್ ಎಂಬ ಸಣ್ಣ ಊರಿನ ಅಯೋವಾ ಸ್ಟೇಟ್‌ಗೆ ಅಲಬಾಮಾಗೆ ಸಿಗುವಂಥ ಆಟಗಾರರು ಸಿಗುವುದಿಲ್ಲ. ಮುಖ್ಯ ಕೋಚ್ ಮ್ಯಾಟ್ ಕ್ಯಾಂಪ್‌ಬೆಲ್, ಡಿಫೆನ್ಸ್ ಕೋಆರ್ಡಿನೇಟರ್ ಜಾನ್ ಹೀಕಾಕ್ 2017ರಲ್ಲಿ ಒಂದು ವಿಚಿತ್ರ ಮಾಡಿದರು. ಮುಂದೆ ಮೂವರೇ ಲೈನ್‌ಮೆನ್, ಹಿಂದೆ ಮೂವರು ಸೇಫ್ಟಿಗಳು.

ಮುಂದಿನ ಮೂವರು ಒತ್ತೊತ್ತಾಗಿ ನಿಲ್ಲುತ್ತಾರೆ. ಒಬ್ಬ ಆಫೆನ್ಸ್ ಸಾಲಿನ ನಡುವಿನವನಾದ ಸೆಂಟರ್ ಎದುರು, ಇನ್ನಿಬ್ಬರು ಆ ಸಾಲಿನ ತುದಿಯವರಾದ ಟ್ಯಾಕಲ್‌ಗಳ ಒಳಭುಜಕ್ಕೆ. ಇದರಿಂದ ನಡುವಿನ ದಾರಿಗಳು ಮುಚ್ಚುತ್ತವೆ. ಓಡುವವನು ಸುತ್ತು ಹಾಕಿ ಹೊರಗೆ ಹೋಗಲೇಬೇಕು. ಅಲ್ಲಿ ವೇಗದ ಹುಡುಗರು ಕಾಯುತ್ತಿರುತ್ತಾರೆ. ಇನ್ನು ನಡುವಿನ ಸೇಫ್ಟಿ. ಅವನು ಓಟ ಕಂಡರೆ ಲೈನ್‌ಬ್ಯಾಕರ್ ಆಗಿ ಕೆಳಗೆ ಇಳಿಯುತ್ತಾನೆ, ಪಾಸ್ ಆದರೆ ನಡುವಿನ ಆಳಕ್ಕೆ ಜಾರುತ್ತಾನೆ. ಸ್ನ್ಯಾಪ್‌ಗೆ (ಚೆಂಡು ಆಟಕ್ಕೆ ಬರುವುದಕ್ಕೆ) ಮೊದಲು ಕ್ವಾರ್ಟರ್‌ಬ್ಯಾಕ್ ನೋಡಿದರೆ ಕಾಣುವುದು ಯಾವಾಗಲೂ ಅದೇ ಚಿತ್ರ. ಆಮೇಲೆ ಅದು ಕವರ್ 2 ಆಗಬಹುದು, 3 ಆಗಬಹುದು, ಕ್ವಾರ್ಟರ್ಸ್ ಆಗಬಹುದು. ಎಂಟು ಜನ ಪಾಸ್ ಕಾಯಲು ಹಿಂದೆ ಸರಿದರೆ ಎಸೆಯಲು ಜಾಗವೇ ಕಾಣುವುದಿಲ್ಲ.

2017ರ ಅಕ್ಟೋಬರ್ 7ರಂದು ಅವರು ಮೂರನೇ ರ‍್ಯಾಂಕಿನ ಓಕ್ಲಹೋಮಾವನ್ನು ಅದರ ಮೈದಾನದಲ್ಲೇ 38-31ರಿಂದ ಸೋಲಿಸಿದರು. ಎದುರಿಗಿದ್ದ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್. ಉತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಆ ವರ್ಷ ಅವನಿಗೇ ಸಿಕ್ಕಿತು. ಅಯೋವಾ ಸ್ಟೇಟ್‌ನ ಜೋಯೆಲ್ ಲ್ಯಾನಿಂಗ್ ಮೊದಲು ಕ್ವಾರ್ಟರ್‌ಬ್ಯಾಕ್ ಆಗಿದ್ದವನು, ಆ ವರ್ಷ ಲೈನ್‌ಬ್ಯಾಕರ್. ಅವತ್ತು ಎರಡೂ ಕಡೆ ಆಡಿದ! 31 ಪಾಯಿಂಟ್ ಬಿಟ್ಟುಕೊಟ್ಟದ್ದು ಒಳ್ಳೆಯ ಡಿಫೆನ್ಸಾ ಅಂತ ಕೇಳಬಹುದು. ಆ ಓಕ್ಲಹೋಮಾ ಎದುರು ಅದು ಒಳ್ಳೆಯದೇ. 2019ರಲ್ಲಿ ಬೇಲರ್ ಕೂಡ ಮೂರು ಸೇಫ್ಟಿಗಳ ದಾರಿ ಹಿಡಿದು 11 ಪಂದ್ಯ ಗೆದ್ದಿತು.

2018ರ ರಾಷ್ಟ್ರೀಯ ಫೈನಲ್‌ನಲ್ಲಿ ಜಾರ್ಜಿಯಾ 26 ಯಾರ್ಡ್ ಕಾಯಲಾಗದೆ ಸೋತದ್ದು ಹೇಗೆ?

ಜನವರಿ 8, ಅಟ್ಲಾಂಟಾ, ಓವರ್‌ಟೈಮ್. ಅಲಬಾಮಾದ ಕ್ವಾರ್ಟರ್‌ಬ್ಯಾಕ್ ಟುವಾ ಟಾಗೊವೈಲೋವಾನನ್ನು ಜಾರ್ಜಿಯಾ 16 ಯಾರ್ಡ್ ಹಿಂದೆ ಕೆಡವಿತ್ತು. ಎರಡನೇ ಡೌನ್, 26 ಯಾರ್ಡ್ ಬೇಕು. ಜಾರ್ಜಿಯಾ ಆಡಿದ್ದು ಕವರ್ 2. ಆ ಸ್ಥಿತಿಗೆ ಸರಿಯಾದದ್ದೇ.

ಕವರ್ 2ರ ಹುಟ್ಟು ದೋಷ ಅಂಚಿನಲ್ಲಿದೆ. ಕಾರ್ನರ್ ಕೆಳಗೆ ನಿಲ್ಲುತ್ತಾನೆ, ಸೇಫ್ಟಿ ಮೇಲೆ. ಕಾರ್ನರ್ ರಿಸೀವರ್‌ಗೆ ಒಂದು ತಳ್ಳು ಕೊಟ್ಟು ತಡ ಮಾಡಿಸಬೇಕು. ಅಷ್ಟರಲ್ಲಿ ಸೇಫ್ಟಿ ಅಂಚಿಗೆ ತಲುಪಬೇಕು. ಟುವಾ ಮೊದಲು ಬೇರೆ ಕಡೆ ಕಣ್ಣಿಟ್ಟು ಸೇಫ್ಟಿಯ ಕಾಲನ್ನು ಕಟ್ಟಿಹಾಕಿದ. ಅಂಚಿನಲ್ಲಿ ಡೆವಾಂಟಾ ಸ್ಮಿತ್ ಅಡ್ಡಿಯಿಲ್ಲದೆ ಓಡಿದ. 41 ಯಾರ್ಡ್ ಪಾಸ್, ಟಚ್‌ಡೌನ್, ಅಲಬಾಮಾ 26-23. ಆಮೇಲೆ ಎಲ್ಲರೂ ಕವರೇಜ್ ಬೈದರು. ಕರೆದದ್ದು ತಪ್ಪಲ್ಲ, ಎರಡು ಹೆಜ್ಜೆ ತಡವಾಯಿತು ಅಷ್ಟೇ.

ಬ್ಲಿಟ್ಜ್ ಮಾಡುವವರೇ ಧೈರ್ಯವಂತರಲ್ವಾ?

ನೋಡಲು ಚೆನ್ನಾಗಿರುತ್ತದೆ. ಬ್ಲಿಟ್ಜ್ ಅಂದರೆ ಕ್ವಾರ್ಟರ್‌ಬ್ಯಾಕ್ ಮೇಲೆ ಹೆಚ್ಚು ಜನ ನುಗ್ಗುವುದು. ಐದಾರು ಜನ ನುಗ್ಗಿದರೆ ಹಿಂದೆ ಅಷ್ಟು ಜನ ಕಡಿಮೆ. ಈಗ ಜಾಣರು ಸುಳ್ಳು ಬ್ಲಿಟ್ಜ್ ಮಾಡುತ್ತಾರೆ. ಆರು ಜನ ಮುಂದೆ ನಿಂತು ಹೆದರಿಸುತ್ತಾರೆ, ನುಗ್ಗುವುದು ನಾಲ್ವರೇ. ಆ ನಾಲ್ವರು ಯಾರು ಅನ್ನುವುದೇ ಗುಟ್ಟು. ಬರುತ್ತಾನೆ ಅಂದುಕೊಂಡ ಲೈನ್‌ಮನ್ ಹಿಂದೆ ಸರಿಯುತ್ತಾನೆ, ಹಿಂದೆ ನಿಂತವನು ಬರುತ್ತಾನೆ. ಮಿಶಿಗನ್‌ನಲ್ಲಿ (ಮಿಶಿಗನ್ ಸ್ಟೇಟ್ ಅಲ್ಲ) ಮೈಕ್ ಮ್ಯಾಕ್‌ಡೊನಾಲ್ಡ್ 2021ರಲ್ಲಿ, ಅವರ ನಂತರ ಜೆಸ್ಸಿ ಮಿಂಟರ್, ಬಾಲ್ಟಿಮೋರ್ ರೇವನ್ಸ್‌ನಲ್ಲಿ ಕಲಿತ ಈ ವಿದ್ಯೆ ತಂದರು. 2024ರ ಜನವರಿ 8ರ ಫೈನಲ್‌ನಲ್ಲಿ ಪಾಸ್‌ಗೆ ಹೆಸರಾದ ವಾಷಿಂಗ್ಟನ್ 13 ಪಾಯಿಂಟ್‌ಗೆ ನಿಂತಿತು. ಮಿಶಿಗನ್ 34.

ಕೋಚ್‌ಗಳ ಫಿಲಾಸಫಿ ಅನ್ನುವುದೆಲ್ಲ ಸುಮ್ನೆ ಮಾತಲ್ವಾ?

ಕೆಲವರದ್ದು ಹೌದು. ಗೋಡೆಗೆ ಅಂಟಿಸಿದ ಘೋಷಣೆ. ಆದರೆ ಅಯೋವಾದ (ಅಯೋವಾ ಸ್ಟೇಟ್ ಅಲ್ಲ) ಫಿಲ್ ಪಾರ್ಕರ್ ಅವರನ್ನು ನೋಡಿ. 1999ರಲ್ಲಿ ಹಿಂದಿನ ಸಾಲಿನ ಕೋಚ್ ಆಗಿ ಬಂದರು, 2012ರಿಂದ ಕೋಆರ್ಡಿನೇಟರ್. ಎದುರಾಳಿಗೆ ಅವರು ಏನು ಆಡುತ್ತಾರೆ ಅಂತ ಮೊದಲೇ ಗೊತ್ತು. ಝೋನ್, ಇಬ್ಬರು ಸೇಫ್ಟಿ ಹಿಂದೆ, ಎಲ್ಲರ ಕಣ್ಣು ಚೆಂಡಿನ ಮೇಲೆ. ಗೊತ್ತಿದ್ದೂ ಏನೂ ಮಾಡಲಾಗುವುದಿಲ್ಲ. 2021ರಲ್ಲಿ ಅವರ ಹುಡುಗರು 25 ಪಾಸ್ ಕಸಿದರು. 2023ರಲ್ಲಿ ಅಯೋವಾದ ಆಫೆನ್ಸ್ ದೇಶದ ಕೊನೆಯ ಸಾಲಿನಲ್ಲಿತ್ತು, ಆದರೂ 10 ಪಂದ್ಯ ಗೆದ್ದರು. ದೇಶದ ಉತ್ತಮ ಸಹಾಯಕ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿ ಆ ವರ್ಷ ಪಾರ್ಕರ್‌ಗೆ ಬಂತು. ನಾಲ್ಕೈದು ವಿಷಯ ಕಲಿಸಿ, ಅದನ್ನೇ ಸಾವಿರ ಸಲ ಮಾಡಿಸುವುದು ಕೂಡ ಒಂದು ಫಿಲಾಸಫಿ.

ವರ್ಜೀನಿಯಾ ಟೆಕ್‌ನಲ್ಲಿ ಬಡ್ ಫಾಸ್ಟರ್ ಇನ್ನೊಂದು ಬಗೆ. ಕಲ್ಲಿದ್ದಲು ಗಣಿ ಕೆಲಸಗಾರನ ಹಳೆಯ ಬುತ್ತಿ ಡಬ್ಬಿಯೊಂದನ್ನು ತಂಡದ ಗುರುತು ಮಾಡಿಕೊಂಡರು. ಪ್ರತಿ ಪಂದ್ಯಕ್ಕೂ ಆ ಡಬ್ಬಿ ಬರುತ್ತಿತ್ತು. ಅದನ್ನು ಹೊರುವುದು ಆಟಗಾರನಿಗೆ ದೊಡ್ಡ ಮರ್ಯಾದೆ.

ಕೋಚ್ ಆಟಗಾರರಿಗೆ ಹೇಳುವುದು ಹೇಗೆ?

ಮೊದಲು ಕೈಸನ್ನೆ, ದೊಡ್ಡ ಚಿತ್ರಫಲಕ. 2024ರಿಂದ ಮೇಲಿನ ಹಂತದ ತಂಡಗಳಲ್ಲಿ ಒಬ್ಬ ಡಿಫೆನ್ಸ್ ಆಟಗಾರನ ಹೆಲ್ಮೆಟ್‌ನೊಳಗೆ ಸ್ಪೀಕರ್ ಇರಬಹುದು. ಮುಂದಿನ ಡೌನ್ ಶುರು ಮಾಡಲು ಸಮಯ ಎಣಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ಅದು ಬಂದ್. ಆಮೇಲೆ ಉಳಿದ ಹತ್ತು ಜನಕ್ಕೆ ಅವನೇ ಕೂಗಿ ಹೇಳಬೇಕು.

ಡಿಫೆನ್ಸ್ ಈಗಲೂ ಪಂದ್ಯ ಗೆಲ್ಲಿಸುತ್ತದಾ?

2020ರ ಅಕ್ಟೋಬರ್‌ನಲ್ಲಿ ಸೇಬನ್ ತಂಡವೇ ಓಲ್ ಮಿಸ್‌ಗೆ 48 ಪಾಯಿಂಟ್ ಕೊಟ್ಟಿತು. 63 ಹೊಡೆದು ಗೆದ್ದಿತು ಅನ್ನಿ. ಆ ವರ್ಷ ಚಾಂಪಿಯನ್ ಕೂಡ ಆಯಿತು. ಅಲ್ಲಿಗೆ ಡಿಫೆನ್ಸ್ ಕಾಲ ಮುಗಿಯಿತು ಅಂದರು. ಮರುವರ್ಷ ಸೇಬನ್ ಶಿಷ್ಯ ಕರ್ಬಿ ಸ್ಮಾರ್ಟ್ ಅವರ ಜಾರ್ಜಿಯಾ ಪಂದ್ಯಕ್ಕೆ ಸರಾಸರಿ 10.2 ಪಾಯಿಂಟ್ ಮಾತ್ರ ಕೊಟ್ಟು ಪ್ರಶಸ್ತಿ ಗೆದ್ದಿತು. ಆದರೆ ಅದೇ ಡಿಫೆನ್ಸ್ ಡಿಸೆಂಬರ್‌ನಲ್ಲಿ ಅಲಬಾಮಾಗೆ 41 ಕೊಟ್ಟಿತ್ತು. ಐದು ವಾರ ಬಿಟ್ಟು ಫೈನಲ್‌ನಲ್ಲಿ ಅದೇ ಅಲಬಾಮಾಗೆ 18 ಕೊಟ್ಟು 33-18ರಿಂದ ಗೆದ್ದಿತು. ಕೆಲವರು ಎಲ್ಲ ಕೀರ್ತಿಯನ್ನೂ ಹೊಸ ಯೋಜನೆಗೆ ಕೊಡುತ್ತಾರೆ. ನಾನು ಕೊಡುವುದಿಲ್ಲ. ಅಲಬಾಮಾದ ಒಬ್ಬ ಮುಖ್ಯ ರಿಸೀವರ್ ಡಿಸೆಂಬರ್‌ನಲ್ಲೇ ಗಾಯಗೊಂಡಿದ್ದ, ಇನ್ನೊಬ್ಬ ಫೈನಲ್‌ನ ನಡುವೆ. ಜಾರ್ಜಿಯಾದ ಆ ಡಿಫೆನ್ಸ್‌ನಿಂದ ಐವರು 2022ರ ಎನ್‌ಎಫ್‌ಎಲ್ ಡ್ರಾಫ್ಟ್‌ನ (ಹೊಸ ಆಟಗಾರರ ಆಯ್ಕೆಯ) ಮೊದಲ ಸುತ್ತಿನಲ್ಲೇ ಹೋದರು. ಅಂಥ ಹುಡುಗರಿದ್ದರೆ ಯಾವ ಕವರೇಜ್ ಆದರೂ ಚೆನ್ನಾಗಿ ಕಾಣುತ್ತದೆ.

ಇದನ್ನೆಲ್ಲ ನೋಡುವುದು ಎಲ್ಲಿಂದ ಶುರು ಮಾಡಲಿ?

ಸ್ನ್ಯಾಪ್‌ಗೆ ಮೊದಲು ಸೇಫ್ಟಿಗಳನ್ನು ಎಣಿಸಿ. ಒಬ್ಬನೇ ನಡುವೆ ಇದ್ದರೆ ಕವರ್ 1 ಅಥವಾ 3. ಇಬ್ಬರಿದ್ದರೆ 2 ಅಥವಾ ಕ್ವಾರ್ಟರ್ಸ್. ಚೆಂಡು ಬಿಟ್ಟ ಮೇಲೆ ಎರಡು ಸೆಕೆಂಡ್ ಅವರ ಕಾಲು ನೋಡಿ, ಆಮೇಲೆ ಚೆಂಡು. ಮೊದಲ ತಿಂಗಳು ಅರ್ಧಕ್ಕರ್ಧ ತಪ್ಪು ಹೇಳುತ್ತೀರಿ, ಪರವಾಗಿಲ್ಲ.

ಟಿವಿಯಲ್ಲಿ ಇದು ಕಷ್ಟ. ಕ್ಯಾಮೆರಾ ಚೆಂಡಿನ ಹತ್ತಿರವೇ ಇರುತ್ತದೆ, ಸೇಫ್ಟಿಗಳು ಚೌಕಟ್ಟಿನ ಹೊರಗೆ. ಸ್ಟೇಡಿಯಂಗೆ ಹೋದರೆ ಗೋಲ್ ಕಂಬದ ಹಿಂದೆ, ಎಲ್ಲಕ್ಕಿಂತ ಮೇಲಿನ ಸಾಲಿನ ಅಗ್ಗದ ಟಿಕೆಟ್ ತೆಗೆದುಕೊಳ್ಳಿ. ಕವರೇಜ್ ಪೂರ್ತಿ ಕಾಣುವುದು ಅಲ್ಲಿಂದಲೇ. ನವೆಂಬರ್ ಆದರೆ ಕಿವಿ ಮುಚ್ಚುವ ಟೊಪ್ಪಿ ಮರೆಯಬೇಡಿ, ಮೇಲೆ ಗಾಳಿ ಜಾಸ್ತಿ.